ಸೈಡ್ ಕೊಡೋರು, ಸೈಡ್ ಹೊಡೆಯೋರು

ಗಾಜನೂರು ದಾಟಿ ಸಕ್ರೆಬೈಲಿನ ಹತ್ತಿರ ಬಂದಿದ್ದೆ. ಮುಂದೆ ಒಂದು ಟ್ರ್ಯಾಕ್ಟರ್. ಅದರ ಟ್ರೈಲರಿನ ಮೇಲೆ ಅರ್ಧ ರಸ್ತೆ ಮುಚ್ಚುವಷ್ಟು ಅಗಲಕ್ಕೆ ಹುಲ್ಲಿನ ಲೋಡು. ಡ್ರೈವರ್ ಹುಲ್ಲಿನ ಆಚೆ ಎಲ್ಲೋ ಇದ್ದಾನೆ, ಅವನಿಗೆ ನಾವು ಕಾಣುವುದಿಲ್ಲ, ನಮಗೆ ಅವನೂ ಕಾಣುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಒಂದು ಬಿಳಿ ಕಾರು, ಅದರ ಹಿಂದೆ ಶುಂಠಿ ಮೂಟೆ ತುಂಬಿದ ಪಿಕಪ್, ಆಮೇಲೆ ಎರಡು ಕಾರು, ಆಮೇಲೆ ನಾನು. ನನ್ನ ಹಿಂದೆ ಕನ್ನಡಿಯಲ್ಲಿ ಎಣಿಸಿದರೆ ಇನ್ನೂ ಆರು ಗಾಡಿ. ಮದುವೆ ದಿಬ್ಬಣದ ಹಾಗೆ ಗಂಟೆಗೆ ಇಪ್ಪತ್ತರಲ್ಲಿ ಹೊರಟಿದ್ದೇವೆ.

ಟ್ರ್ಯಾಕ್ಟರಿನವನ ಮೇಲೆ ನನಗೆ ಸಿಟ್ಟಿಲ್ಲ. ಗದ್ದೆ ಕೊಯ್ಲಾದ ಮೇಲೆ ಹುಲ್ಲು ಮನೆಗೆ ಹೋಗಲೇಬೇಕು, ಅದಕ್ಕೆ ಬೇರೆ ರಸ್ತೆ ಇಲ್ಲ. ಸಿಟ್ಟು ಬರುವುದು ಟ್ರ್ಯಾಕ್ಟರಿನ ಬಾಲಕ್ಕೆ ಅಂಟಿಕೊಂಡ ಆ ಬಿಳಿ ಕಾರಿನವನ ಮೇಲೆ. ನೇರ ರಸ್ತೆ ಸಿಕ್ಕಿತು, ಅವನು ದಾಟಲಿಲ್ಲ. ಇನ್ನೊಂದು ಸಿಕ್ಕಿತು, ಆಗಲೂ ಇಲ್ಲ. ದಾಟದಿದ್ದರೆ ಬೇಡ, ಧೈರ್ಯ ಸಾಲದು ಅಂದುಕೊಳ್ಳೋಣ. ಆದರೆ ಟ್ರ್ಯಾಕ್ಟರಿಗೂ ತನಗೂ ನಡುವೆ ಒಂದು ಕಾರು ಹಿಡಿಸುವಷ್ಟಾದರೂ ಜಾಗ ಬಿಟ್ಟರೆ, ಹಿಂದಿನವರು ಒಬ್ಬೊಬ್ಬರಾಗಿ ಅವನನ್ನು ದಾಟಿ ಅಲ್ಲಿ ಸೇರಿಕೊಂಡು, ಆಮೇಲೆ ಟ್ರ್ಯಾಕ್ಟರನ್ನು ದಾಟಬಹುದು. ಅವನು ಅಂಟಿಕೊಂಡಿರುವುದರಿಂದ ಈಗ ಯಾರೇ ದಾಟಿದರೂ ಎರಡನ್ನೂ ಒಂದೇ ಏಟಿಗೆ ದಾಟಬೇಕು. ತಾನೂ ಹೋಗಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ನಮ್ಮ ಕಡೆ ಇಂಥವರನ್ನು ಹುಲ್ಲಿನ ಬಣವೆ ಮೇಲೆ ಮಲಗಿದ ನಾಯಿಗೆ ಹೋಲಿಸುತ್ತಾರೆ. ಅವತ್ತು ಹುಲ್ಲೂ ಎದುರಿಗೇ ಇತ್ತು.

ಕನ್ನಡದಲ್ಲಿ ನಾವು ಈ ವ್ಯವಹಾರಕ್ಕೆ ಇಟ್ಟುಕೊಂಡಿರುವ ಮಾತುಗಳು ಮಜವಾಗಿವೆ. ಮುಂದಿನವನು ಮಾಡುವುದು ‘ಸೈಡ್ ಕೊಡೋದು’. ಹಿಂದಿನವನು ಮಾಡುವುದು ‘ಸೈಡ್ ಹೊಡೆಯೋದು’. ಒಂದು ಕೊಡುವ ಕೆಲಸ, ಒಂದು ಹೊಡೆಯುವ ಕೆಲಸ. ಇವನು ಕೊಟ್ಟರೆ ಅವನು ಹೊಡೆಯಬೇಕು. ಕೊಡದೆಯೇ ಹೊಡೆದರೆ ಅದು ಕಸಿದುಕೊಂಡಂತೆ. ಎಷ್ಟೋ ವರ್ಷ ಈ ಎರಡು ಮಾತನ್ನು ಯೋಚಿಸದೇ ಆಡಿದ್ದೇನೆ. ಶಿವಮೊಗ್ಗ ತೀರ್ಥಹಳ್ಳಿ ನಡುವಿನ 60 ಕಿಲೋಮೀಟರನ್ನು ವಾರಕ್ಕೊಮ್ಮೆ ಓಡಿಸಲು ಶುರು ಮಾಡಿದ ಮೇಲೆ ಅವು ತಲೆಯಲ್ಲಿ ಕೂತವು.

ಈ ರಸ್ತೆಯಲ್ಲಿ ಸೈಡ್ ಯಾಕೆ ಅಷ್ಟು ದುಬಾರಿ ಅಂತ ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಮುಂದೆ ಒಂದು ಬಸ್ಸು ಗಂಟೆಗೆ 50ರಲ್ಲಿ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ನಾನು 70ರಲ್ಲಿ ದಾಟುತ್ತೇನೆ. ಇಂಥ ರಸ್ತೆಗಳಲ್ಲಿ ಕಾರಿಗೆ 2018ರಲ್ಲಿ ಕೇಂದ್ರ ಸರ್ಕಾರ ಗೊತ್ತು ಮಾಡಿದ ಗರಿಷ್ಠ ವೇಗವೂ ಅಷ್ಟೇ. ನಮ್ಮಿಬ್ಬರ ನಡುವಿನ ವ್ಯತ್ಯಾಸ 20, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಬಸ್ಸಿನ ಉದ್ದ 12 ಮೀಟರ್, ನನ್ನ ಕಾರು 4, ಹಿಂದೆ ಬಿಟ್ಟ ಅಂತರ 20, ದಾಟಿದ ಮೇಲೆ ಎಡಕ್ಕೆ ಸೇರಿಕೊಳ್ಳಲು ಇನ್ನೊಂದು 20. ಅಷ್ಟನ್ನು ಹಿಂದೆ ಹಾಕಲು ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡಿನಲ್ಲಿ ನಾನು ರಸ್ತೆಯ ಮೇಲೆ 190 ಮೀಟರಿಗೂ ಹೆಚ್ಚು ಓಡಿರುತ್ತೇನೆ. ಎದುರಿನಿಂದ ಬರುವವನೂ 70ರಲ್ಲಿದ್ದರೆ ಅವನೂ ಅಷ್ಟೇ ಓಡಿ ಬಂದಿರುತ್ತಾನೆ. ಒಟ್ಟು ಹತ್ತಿರ ಹತ್ತಿರ 400 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಅದೂ ನಾನು ಮೊದಲೇ 70ರಲ್ಲಿ ಇದ್ದರೆ. ಬಸ್ಸಿನ ಹಿಂದೆ 50ರಲ್ಲಿ ತೆವಳುತ್ತಿದ್ದು ಅಲ್ಲಿಂದ ಎಕ್ಸಲೇಟರ್ ತುಳಿದರೆ ಇನ್ನೂ ಹೆಚ್ಚು.

ತುಂಗೆಯ ಪಕ್ಕದಲ್ಲಿ, ಮರಗಳ ನಡುವೆ, ಹೊಳೆ ತಿರುಗಿದಲ್ಲೆಲ್ಲ ತಾನೂ ತಿರುಗುವ ಈ ರಸ್ತೆಯಲ್ಲಿ 400 ಮೀಟರ್ ನೇರ ನೋಟ ಎಷ್ಟು ಕಡೆ ಸಿಗುತ್ತದೆ? ಬೆರಳಲ್ಲಿ ಎಣಿಸಬಹುದು. ಸಿಕ್ಕಲ್ಲಿ ಒಂದು ಊರು ಇರುತ್ತದೆ, ಊರಿದ್ದಲ್ಲಿ ಹಂಪ್ ಇರುತ್ತದೆ, ಹಂಪ್ ಇದ್ದಲ್ಲಿ ಬಸ್ಸಿಗೆ ಕಾಯುವ ಶಾಲೆ ಮಕ್ಕಳು. ಹಾಗಾಗಿ ಇಲ್ಲಿ ಸೈಡ್ ಹೊಡೆಯುವ ಪ್ರತಿಯೊಬ್ಬನೂ ಸ್ವಲ್ಪ ಮಟ್ಟಿಗೆ ಮುಂದಿನವನ ಕಣ್ಣನ್ನು ಸಾಲ ತೆಗೆದುಕೊಳ್ಳುತ್ತಾನೆ. ತಿರುವಿನ ಆಚೆ ಏನಿದೆ ಅಂತ ಗೊತ್ತಿರುವುದು ಅವನೊಬ್ಬನಿಗೆ.

ಇದನ್ನು ನನಗೆ ಕಲಿಸಿದವರು ನನ್ನ ಚಿಕ್ಕಪ್ಪ. ಹದಿನಾರನೇ ವಯಸ್ಸಿಗೆ ಲಾರಿಯಲ್ಲಿ ಕ್ಲೀನರ್ ಆಗಿ ಹತ್ತಿದವರು, ಡ್ರೈವರಾಗಿ ಇಳಿದವರು. ಅಡಿಕೆ ಮೂಟೆ ಹೊತ್ತು ಶಿವಮೊಗ್ಗದ ಮಂಡಿಗೆ, ಇಲ್ಲದಿದ್ದರೆ ಮಾಸ್ತಿಕಟ್ಟೆ ಮೇಲೆ ಬಾಳೆಬರೆ ಘಾಟಿ ಇಳಿದು ಕುಂದಾಪುರದ ಕಡೆಗೆ, ಬರುವಾಗ ಹಂಚು. ಹುಲಿಕಲ್ಲಿನ ಚಂಡಿಕಾಂಬೆ ಗುಡಿ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯದೆ ಘಾಟಿ ಇಳಿದದ್ದು ನೆನಪಿಲ್ಲ ಅನ್ನುತ್ತಾರೆ. ಆ ಕಾಲದ ಲಾರಿಗೆ ಪವರ್ ಸ್ಟೀರಿಂಗ್ ಇರಲಿಲ್ಲ, ಎಡಗಡೆ ಕನ್ನಡಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕನ್ನಡಿ ಅಂದರೆ ಕ್ಲೀನರ್. ಎಡ ಬಾಗಿಲಿಗೆ ತಗುಲಿ ಕೂತ ಹುಡುಗ ಹಿಂದೆ ಯಾರು ಬರುತ್ತಿದ್ದಾರೆ ನೋಡಬೇಕು, ಬಾಗಿಲಿನ ತಗಡಿಗೆ ತಟ್ಟಬೇಕು, ಕೈ ಹೊರಗೆ ಹಾಕಿ ‘ಬಾ’ ಅಥವಾ ‘ತಡಿ’ ಅನ್ನಬೇಕು. ಆ ಕೈ ಬಾ ಅಂದರೆ ಹಿಂದಿನವನು ಕಣ್ಣು ಮುಚ್ಚಿ ಹೋಗಬಹುದಿತ್ತಂತೆ. ತಪ್ಪಿ ಬಾ ಅಂದರೆ ಮುಂದಿನ ಹೋಟೆಲಿನಲ್ಲಿ ಡ್ರೈವರ್ ಕೈಯಲ್ಲಿ ಬೆನ್ನಿಗೆ ಬೀಳುತ್ತಿತ್ತು.

1989ರ ರಸ್ತೆ ನಿಯಮಗಳಲ್ಲೂ ಆ ಕೈಗೆ ಒಂದು ಜಾಗ ಇತ್ತು. ಡ್ರೈವಿಂಗ್ ಸ್ಕೂಲಿನ ಗೋಡೆಯ ಚಾರ್ಟ್ ನೆನಪಿದೆಯೇ? ಬಲಗೈ ಚಾಚಿ ಹಿಂದಕ್ಕೂ ಮುಂದಕ್ಕೂ ಅರ್ಧಚಂದ್ರದ ಹಾಗೆ ಬೀಸುವ ಚಿತ್ರ, ಅದರ ಅರ್ಥ ‘ಹಿಂದಿನವರು ನನ್ನನ್ನು ದಾಟಬಹುದು’. ಲೈಸೆನ್ಸ್ ಪರೀಕ್ಷೆಗೆ ನಾನದನ್ನು ಬಾಯಿಪಾಠ ಮಾಡಿದ್ದೆ. ರಸ್ತೆಯಲ್ಲಿ ಯಾರಾದರೂ ಕಾರಿನವರು ಅದನ್ನು ಮಾಡಿದ್ದು ಇವತ್ತಿನವರೆಗೆ ನೋಡಿಲ್ಲ. ಎಸಿ ಹಾಕಿ ಕಿಟಕಿ ಏರಿಸಿದ ಮೇಲೆ ಕೈ ಬೀಸುವುದೆಲ್ಲಿಗೆ?

ಕೈಯ ಜಾಗಕ್ಕೆ ಇಂಡಿಕೇಟರ್ ಬಂತು, ಅದರ ಜೊತೆ ಗೊಂದಲವೂ ಬಂತು. ಮುಂದಿನ ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ಏನರ್ಥ? ಕೆಲವರು ಅದನ್ನು ‘ದಾರಿ ಖಾಲಿ ಇದೆ, ಬಲಗಡೆಯಿಂದ ಹೋಗು’ ಅಂತ ಹಾಕುತ್ತಾರೆ. ಇನ್ನು ಕೆಲವರು ‘ಬಲಗಡೆಗೆ ಬರಬೇಡ, ಎದುರಿಗೆ ಗಾಡಿ ಇದೆ’ ಅಂತ ಹಾಕುತ್ತಾರೆ, ಹೋಗು ಅನ್ನಲು ಎಡ ಇಂಡಿಕೇಟರ್ ಹಾಕುತ್ತಾರೆ. ಮೂರನೆಯದು ಪುಸ್ತಕದಲ್ಲಿರುವ ಅರ್ಥ: ನಾನು ಬಲಕ್ಕೆ ತಿರುಗುತ್ತಿದ್ದೇನೆ. ಒಂದೇ ದೀಪ, ಮೂರು ಅರ್ಥ, ಅದರಲ್ಲಿ ಎರಡು ನಿನ್ನನ್ನು ಆಸ್ಪತ್ರೆಗೆ ಕಳಿಸುವಂಥವು.

ಮಂಡಗದ್ದೆಯ ಈಚೆ ಒಂದು ಸಲ ನಾನು ಮೊದಲನೇ ಅರ್ಥ ಹಿಡಿದು ಹೊರಟೆ. ಲಾರಿಯವನು ಮೂರನೇ ಅರ್ಥದಲ್ಲಿ ಹಾಕಿದ್ದ. ಅವನ ಮುಂದಿನ ಚಕ್ರ ನನ್ನ ಬಾಗಿಲಿನ ಕಡೆ ತಿರುಗಿದ್ದು ಕಂಡಿತು, ಬ್ರೇಕ್ ಒತ್ತಿದೆ, ಕಾರು ಬಲ ಅಂಚಿನ ಕೆಂಪು ಮಣ್ಣಿಗೆ ಇಳಿದು ನಿಂತಿತು. ಲಾರಿಯವನು ಇಳಿದು ಬಂದು ಬೈಯುತ್ತಾನೆ ಅಂದುಕೊಂಡೆ. ಅವನೂ ಬೆವರಿದ್ದ. ಇಬ್ಬರೂ ಏನೂ ಮಾತಾಡಲಿಲ್ಲ.

ಮನೆಗೆ ಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ತಲೆ ಎತ್ತಲಿಲ್ಲ.

“ಬಲಗಡೆಗೆ ದಾರಿ ಇತ್ತಾ ಅಲ್ಲಿ?”

“ಇತ್ತು, ಒಂದು ಮಣ್ಣಿನ ರಸ್ತೆ.”

“ಮತ್ತೆಂತ? ದಾರಿ ಇದ್ದಲ್ಲಿ ಹಾಕಿದ್ರೆ ತಿರುಗ್ತಾನೆ. ದಾರಿ ಇಲ್ಲದಲ್ಲಿ ಹಾಕಿದ್ರೆ ನಿಂಗೆ ಎಂತದೋ ಹೇಳ್ತಿದಾನೆ. ಎಂತ ಹೇಳ್ತಿದಾನೆ ಅಂತ ಗೊತ್ತಾಗ್ಲಿಲ್ವಾ, ಹೋಗ್ಬೇಡ ಮಾರಾಯ.”

ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಹೇಳಿಕೊಡದ ಮಾತು ಇದು. ಅವತ್ತಿನಿಂದ ಲಾರಿಯ ದೀಪ ನೋಡುವ ಮೊದಲು ಬಲಗಡೆಯ ಬೇಲಿ ನೋಡುತ್ತೇನೆ. (ಮಳೆಗಾಲದಲ್ಲಿ ನಾಲ್ಕೂ ದೀಪ ಮಿಣುಕಿಸಿಕೊಂಡು ಓಡಿಸುವವರ ಬಗ್ಗೆ ಚಿಕ್ಕಪ್ಪನ ಅಭಿಪ್ರಾಯವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾಲ್ಕೂ ಮಿಣುಕುತ್ತಿದ್ದರೆ ಅವನು ತಿರುಗುತ್ತಾನೋ, ನಿಂತಿದ್ದಾನೋ, ಸುಮ್ಮನೆ ಹೆದರಿದ್ದಾನೋ ತಿಳಿಯುವುದು ಹೇಗೆ?)

ಇನ್ನು ಬಯಲು ಕಡೆಯ ಕತೆ. ತುಮಕೂರಿನಿಂದ ಶಿವಮೊಗ್ಗದವರೆಗೆ ನಾಲ್ಕು ಪಥದ ಕೆಲಸ ವರ್ಷಗಟ್ಟಲೆ ನಡೆದು, ತುಂಡು ತುಂಡಾಗಿ ತೆರೆದುಕೊಳ್ಳುತ್ತಾ ಬಂತು. ಮೊದಲ ಸಲ ಆ ಅಗಲ ರಸ್ತೆಗೆ ಕಾರು ಇಳಿಸಿದಾಗ, ಇನ್ನು ಸೈಡ್ ಕೇಳುವ ಕಷ್ಟವೇ ಮುಗಿಯಿತು ಅಂದುಕೊಂಡಿದ್ದೆ. ಎದುರು ಬರುವವರು ಡಿವೈಡರಿನ ಆಚೆ. ಎಡದ ಪಥ ನಿಧಾನದವರಿಗೆ, ಬಲದ ಪಥ ದಾಟುವವರಿಗೆ, ದಾಟಿದ ಮೇಲೆ ಮತ್ತೆ ಎಡಕ್ಕೆ. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಏರ್ಪಾಟು.

ಆದರೆ ತರೀಕೆರೆ ದಾರಿಯಲ್ಲಿ ನಾನು ಕಂಡದ್ದು ಬಲ ಪಥದಲ್ಲಿ ಐವತ್ತರಲ್ಲಿ ಹೋಗುವ ಲಾರಿ, ಅದರ ಪಕ್ಕ ಎಡ ಪಥದಲ್ಲಿ ಐವತ್ತೆರಡರಲ್ಲಿ ಅದನ್ನು ಎಡದಿಂದ ದಾಟಲು ಹೊರಟ ಇನ್ನೊಂದು ಲಾರಿ. ಎರಡು ಆನೆ ಒಟ್ಟಿಗೆ ನಡೆದ ಹಾಗೆ ಎರಡು ಕಿಲೋಮೀಟರ್. ನಾಲ್ಕು ಪಥದಲ್ಲಿ ಕಾರಿಗೆ 100, ಸರಕು ಲಾರಿಗೆ 80ರವರೆಗೆ ಹೋಗಲು 2018ರ ಆ ಆದೇಶದಲ್ಲೇ ಒಪ್ಪಿಗೆ ಕೊಟ್ಟಿದ್ದರು. ನಾನು ಹಾರ್ನ್ ಹೊಡೆದೆ, ಲೈಟ್ ಮಿಣುಕಿಸಿದೆ, ಕಾರಿನೊಳಗೆ ಒಬ್ಬನೇ ಕೂತು ಬೈದೆ.

ಅವತ್ತೇ ಒಂದು ಚಹಾ ಅಂಗಡಿ ಹತ್ತಿರ ಅದೇ ಥರದ ಒಬ್ಬ ಲಾರಿ ಡ್ರೈವರ್ ಸಿಕ್ಕಿದರು. ವಯಸ್ಸಾದವರು. ಕೇಳಿಯೇ ಬಿಟ್ಟೆ, ಬಲಗಡೆ ಯಾಕೆ ಹೋಗ್ತೀರಿ ಅಂತ. ಅವರು ಸಿಟ್ಟಾಗಲಿಲ್ಲ. “ಎಡಗಡೆ ಹೋಗಿ ನೋಡಿ ಸಾರ್, ನೀವೇ ಹೇಳ್ತೀರ” ಅಂದರು. ಎಡದಲ್ಲಿ ಎದುರಿನಿಂದಲೇ ಬೈಕು ಬರುತ್ತದೆ, ಅವನ ಊರಿನ ಯು ಟರ್ನ್ ಎರಡು ಕಿಲೋಮೀಟರ್ ಆಚೆ ಇರುವುದರಿಂದ. ಎಡದಲ್ಲಿ ಲೈಟೇ ಇಲ್ಲದ ಟ್ರ್ಯಾಕ್ಟರ್ ಇರುತ್ತದೆ, ಎಮ್ಮೆ ಇರುತ್ತದೆ, ಬಸ್ಸು ಹಿಡಿಯಲು ರಸ್ತೆಗೇ ಇಳಿದ ಜನ ಇರುತ್ತಾರೆ, ಪಂಕ್ಚರ್ ಆಗಿ ನಿಂತ ಗಾಡಿಯ ಹಿಂದೆ ಎಚ್ಚರಿಕೆಗೆ ಇಟ್ಟ ನಾಲ್ಕು ಕಲ್ಲು ಇರುತ್ತವೆ. ಅವನ್ನೆಲ್ಲ ತಪ್ಪಿಸಲು ಲೋಡ್ ಗಾಡಿಯನ್ನು ಎಡ ಬಲ ತಿರುಗಿಸುತ್ತಾ ಪ್ರತಿ ಸಲ ಗೇರ್ ಇಳಿಸಿ ಏರಿಸಿದರೆ ಡೀಸೆಲ್ ಯಾರ ಅಪ್ಪ ಕೊಡ್ತಾನೆ? ಬಲಗಡೆ ಡಿವೈಡರ್ ಪಕ್ಕ ಹಿಡಿದರೆ ಒಂದೇ ಗೇರ್, ಒಂದೇ ವೇಗ, ಯಾರನ್ನೂ ಕೊಲ್ಲುವ ಭಯವಿಲ್ಲ.

ನಾನು ಒಪ್ಪಿದೆ. ಅರ್ಧ ಒಪ್ಪಿದೆ. ಎಡ ಪಥ ಕೆಟ್ಟಿದ್ದಕ್ಕೆ ಬಲಕ್ಕೆ ಬಂದವರು, ಹಿಂದೆ ನಾಲ್ಕು ಗಾಡಿ ಸೇರಿದಾಗ ಒಂದು ನಿಮಿಷ ಎಡಕ್ಕೆ ಸರಿದು ಬಿಡಬಹುದಲ್ಲ? ಮತ್ತೆ, ಲಾರಿಗಾದರೆ ಲೋಡಿನ ನೆಪವಿದೆ, ಖಾಲಿ ಕಾರಿನಲ್ಲಿ ಫೋನ್ ಕಿವಿಗೆ ಹಿಡಿದು ಬಲ ಪಥದಲ್ಲಿ ಅರವತ್ತರಲ್ಲಿ ತೇಲುವವನಿಗೆ ಯಾವ ನೆಪ? ಅವನನ್ನು ಎಡದಿಂದ ದಾಟಬೇಕಾಗುತ್ತದೆ, ದಾಟುವಾಗ ಎದುರಿಗೆ ಆ ಬೈಕಿನವನು ಸಿಗುತ್ತಾನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ತಪ್ಪಾಗಿ ಓವರ್‌ಟೇಕ್ ಮಾಡುವುದು, ಎದುರು ದಿಕ್ಕಿನಲ್ಲಿ ಓಡಿಸುವುದು, ಕೈಯಲ್ಲಿ ಫೋನ್ ಹಿಡಿಯುವುದು ಮೂರೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿವೆ, ಮೊದಲ ತಪ್ಪಿಗೆ ದಂಡ 1000ದಿಂದ 5000 ರೂಪಾಯಿ. ಆ ಒಂದೇ ಜಾಗದಲ್ಲಿ ನಾವು ಮೂರು ಜನ ಸೇರಿ ಆ ಸೆಕ್ಷನ್ನನ್ನು ಪೂರ್ತಿ ಮಾಡಿದಂತಾಯಿತು.

ಒಂದು ಮಾತು ಮಾತ್ರ ನನಗೆ ಆ ಅಗಲ ರಸ್ತೆಯಲ್ಲೇ ಹೊಳೆದದ್ದು. ಮಲೆನಾಡಿನ ಎರಡು ಪಥದ ರಸ್ತೆಯಲ್ಲಿ ಮುಂದಿನವನಿಗೆ ನಾನು ಬೇಕು, ನನಗೆ ಅವನು ಬೇಕು. ನಾಲ್ಕು ಪಥದಲ್ಲಿ ಯಾರಿಗೂ ಯಾರೂ ಬೇಕಾಗಿಲ್ಲ. ಅಲ್ಲಿ ಕೈ ಬೀಸುವವರಿಲ್ಲ, ದಾಟಿದ ಮೇಲೆ ಒಂದು ಚಿಕ್ಕ ಹಾರ್ನ್ ಹೊಡೆದು ‘ಆಯ್ತು ಮಾರಾಯ’ ಅನ್ನುವವರೂ ಇಲ್ಲ. ಹೈ ಬೀಮ್ ಒಂದೇ ಭಾಷೆ, ಅದರಲ್ಲಿ ಒಂದೇ ಶಬ್ದ: ‘ಜರುಗು!’

ಬೇರೆಯವರ ಪಟ್ಟಿ ಇಷ್ಟುದ್ದ ಹಾಕಿದ ಮೇಲೆ ನನ್ನದೂ ಒಂದು ಹೇಳಬೇಕು.

ಹೋದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೊರಟಿದ್ದೆ. ಪಕ್ಕದಲ್ಲಿ ಚಿಕ್ಕಪ್ಪ. ವಾರಾಂತ್ಯವಾದ್ದರಿಂದ ಮಳೆ ನೋಡಲು ಬಂದವರ ಕಾರುಗಳು ಸಾಲುಸಾಲು. ಹಿಂದೆ ಒಬ್ಬ ಅರ್ಧ ಗಂಟೆಯಿಂದ ಬೆನ್ನಿಗೆ ಬಿದ್ದಿದ್ದ, ಬೆಂಗಳೂರಿನ ನಂಬರ್ ಪ್ಲೇಟು. ಕೆಎ 14ರವನಾದ ನನಗೆ ಕೆಎ 01ರಿಂದ 05ರವರೆಗೆ ಯಾವುದು ಕಂಡರೂ ಒಂದು ಪೂರ್ವಗ್ರಹ ಎದ್ದು ಕೂರುತ್ತದೆ. ನಮ್ಮ ಊರಿನವರು ಯಾರೂ ತಪ್ಪು ಮಾಡುವುದೇ ಇಲ್ಲವಲ್ಲ! ಒಂದು ನೇರ ರಸ್ತೆ ಸಿಕ್ಕಿತು, ಅವನು ಬಲಕ್ಕೆ ಬಂದು ದಾಟಲು ಶುರು ಮಾಡಿದ. ಆಗ ನನ್ನ ಬಲಗಾಲು ನನ್ನನ್ನು ಕೇಳದೆ ಎಕ್ಸಲೇಟರನ್ನು ಒತ್ತಿತು. ಕೇಳದೆ ಅಂತ ಬರೆದೆ, ಅದು ಸುಳ್ಳು. ಕೇಳಿಯೇ ಒತ್ತಿತು. ಅವನು ನನ್ನ ಪಕ್ಕದಲ್ಲೇ ಉಳಿದ, ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ. ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಅವನು ಬ್ರೇಕ್ ಹಾಕಿ ನನ್ನ ಹಿಂದೆ ನುಗ್ಗಿಕೊಂಡ, ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯುತ್ತಾ ಹೋಯಿತು. ಅವನು ಪಕ್ಕದಲ್ಲಿದ್ದ ಆ ಕ್ಷಣದಲ್ಲಿ ಹಿಂದಿನ ಸೀಟಿನ ಗಾಜಿಗೆ ಮೂಗು ಒತ್ತಿ ಮಳೆ ನೋಡುತ್ತಿದ್ದ ಒಂದು ಮಗು ಕಂಡಿತ್ತು.

ದಾಟುತ್ತಿರುವವನನ್ನು ನೋಡಿ ವೇಗ ಹೆಚ್ಚಿಸಬಾರದು ಅನ್ನುವುದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಚಿಕ್ಕಪ್ಪ ಎರಡು ಕಿಲೋಮೀಟರ್ ಸುಮ್ಮನಿದ್ದರು. ಆಮೇಲೆ, “ಅವನಿಗೆ ಸೈಡ್ ಕೊಟ್ಟಿದ್ರೆ ನಿಂದೆಂತ ಹೋಗ್ತಿತ್ತು?” ಅಂದರು.

ನಾನು ಏನೋ ಹೇಳಲು ಹೊರಟೆ, ಬೆಂಗಳೂರಿನವರು ಹೀಗೆ, ಹಾಗೆ ಅಂತ. ಅವರು ಕಿಟಕಿ ಕಡೆ ತಿರುಗಿದರು. ಮುಂದೆ ಸ್ವಲ್ಪ ಅಗಲ ಸಿಕ್ಕಲ್ಲಿ ಎಡಕ್ಕೆ ಇಳಿಸಿ ನಿಲ್ಲಿಸಿದೆ. ಆ ಕಾರು ನಿಧಾನವಾಗಿ ದಾಟಿಹೋಯಿತು. ಡ್ರೈವರ್ ನನ್ನ ಕಡೆ ನೋಡಲಿಲ್ಲ.

ಮೊನ್ನೆ ಮತ್ತೆ ಚಿಕ್ಕಪ್ಪನನ್ನು ಕೂರಿಸಿಕೊಂಡು ಉಡುಪಿಗೆ ಒಂದು ಮದುವೆಗೆ ಹೊರಟೆ. ಆಗುಂಬೆ ಘಾಟಿ, ಹದಿನಾಲ್ಕು ತಿರುವು, ಸಣ್ಣ ಮಳೆ, ಹತ್ತಿಯ ಹಾಗೆ ಮಂಜು. ಕಿರಿದಾದ ಘಾಟಿ ರಸ್ತೆಯಲ್ಲಿ ಇಳಿಯುವವನು ನಿಲ್ಲಬೇಕು, ಏರುವವನಿಗೆ ದಾರಿ ಬಿಡಬೇಕು. ಹಳೆಯ ನಿಯಮದಲ್ಲೂ ಹೀಗೇ ಇತ್ತು, ಅದರ ಬದಲಿಗೆ 2017ರಲ್ಲಿ ಬಂದ ಹೊಸ ನಿಯಮದಲ್ಲೂ ಹೀಗೇ ಇದೆ. ಚಿಕ್ಕಪ್ಪ ಎರಡನ್ನೂ ಓದಿಲ್ಲ. ಏರುವಾಗ ಒಮ್ಮೆ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಅಂದರೆ ಏನು, ಕ್ಲಚ್ ಸುಟ್ಟ ವಾಸನೆ ಎಂಥದ್ದು, ಹಿಂದಕ್ಕೆ ಜಾರಿದರೆ ಚಕ್ರದ ಕೆಳಗೆ ಕಲ್ಲು ಇಡಲು ಓಡುವುದು ಹೇಗೆ, ಅದು ಗೊತ್ತು. ಕ್ಲೀನರ್ ಆಗಿದ್ದಾಗ ಆ ಕಲ್ಲು ಹಿಡಿದು ಓಡಿದ್ದು ಅವರೇ.

ಏಳನೇ ತಿರುವಿಗೆ ಮೊದಲು ಕೆಳಗಡೆ ಒಂದು ಮಿನಿ ಬಸ್ಸಿನ ದೀಪ ಕಂಡಿತು. ಹಿಮ್ಮುರಿ ತಿರುವಿನಲ್ಲಿ ಅದಕ್ಕೆ ರಸ್ತೆ ಪೂರ್ತಿ ಬೇಕು. ನಾನು ಮೇಲೆಯೇ ನಿಂತೆ. ಹಿಂದಿನ ಕಾರಿನವನು ಹಾರ್ನ್ ಶುರು ಮಾಡಿದ. ಕನ್ನಡಿಯಲ್ಲಿ ನೋಡಿದರೆ ಅವನು ಬಲಕ್ಕೆ ಮೂತಿ ಹಾಕುತ್ತಿದ್ದಾನೆ, ನನ್ನನ್ನು ದಾಟಿ ತಿರುವಿಗೆ ಇಳಿಯಲು.

ಚಿಕ್ಕಪ್ಪ ಎಡಗಡೆ ಗಾಜು ಇಳಿಸಿ ಕೈ ಹೊರಗೆ ಹಾಕಿದರು. ಅಂಗೈ ಹಿಂದಕ್ಕೆ, ಬೆರಳು ಬಿಡಿಸಿ. ತಡಿ. ಅಷ್ಟೇ. ಹಾರ್ನ್ ನಿಂತಿತು. ಆ ಕಾರಿನ ಮೂತಿ ಮತ್ತೆ ನನ್ನ ಹಿಂದಕ್ಕೆ ಬಂತು. ಎಪ್ಪತ್ತು ದಾಟಿದ ಆ ಕೈಯನ್ನು ಒಬ್ಬ ಅಪರಿಚಿತ ಯಾಕೆ ನಂಬಿದ ಅಂತ ನನಗೆ ಈಗಲೂ ಗೊತ್ತಿಲ್ಲ. ಮಿನಿ ಬಸ್ಸು ಗುರುಗುಡುತ್ತಾ ಏರಿ ಬಂತು, ಅದರ ಡ್ರೈವರ್ ಸ್ಟೀರಿಂಗಿನಿಂದ ಎರಡು ಬೆರಳು ಎತ್ತಿದ, ಹೋಯಿತು. ಚಿಕ್ಕಪ್ಪ ತಲೆ ಹೊರಗೆ ಹಾಕಿ ಕೆಳಗಿನ ರಸ್ತೆ ನೋಡಿದರು. ಆಮೇಲೆ ಆ ಕೈ ಮಣಿಕಟ್ಟಿನಿಂದ ಒಮ್ಮೆ ಬೀಸಿತು. ಬಾ.

ನಾನು ಗೇರ್ ಹಾಕಿದೆ. ಮಳೆ ಸೀಟಿನ ಮೇಲೆ, ಅವರ ಮದುವೆಯ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು.

“ಕೈ ಒಳಗೆ ತಗೊಳ್ಳಿ ಚಿಕ್ಕಪ್ಪ, ಒದ್ದೆ ಆಗ್ತಿದೀರಿ.”

“ಇರು ಮಾರಾಯ,” ಅಂದರು, “ಇನ್ನೂ ಎಂಟು ತಿರುವು ಉಂಟು.”